ಎಡ ಹೆಗಲ ಕೆಳಗಿನ ಸವತಿ

ಎಪ್ಪತ್ತಮೂರನೆಯ ವಯಸ್ಸಿಗೆ ನನಗೊಬ್ಬಳು ಸವತಿ ಬಂದಳು. ಇದನ್ನು ನಾನು ಯಾರ ಮುಂದೆಯೂ ಹೇಳಿಕೊಂಡಿಲ್ಲ. ನಿಮ್ಮ ಮುಂದೆ ಮಾತ್ರ ಹೇಳುತ್ತಿದ್ದೇನೆ, ಅದೂ ನೀವು ಬೈಲಹೊಂಗಲದವರಿರಲಿಕ್ಕಿಲ್ಲ ಎಂಬ ನಂಬಿಕೆಯ ಮೇಲೆ. ಗಾತ್ರದಲ್ಲಿ ಅವಳು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡವಳು. ಬಣ್ಣ ಬೆಳ್ಳಿಯಂತೆ ಇದೆ ಎನ್ನುತ್ತಾರೆ, ನಾನು ನೋಡಿಲ್ಲ. ನಮ್ಮವರ ಎಡ ಹೆಗಲ ಕೆಳಗೆ, ಚರ್ಮದ ಒಳಗೆ ಅವಳ ವಾಸ. ಅಲ್ಲಿಂದ ಮೂರು ತಂತಿಗಳು ಸೀದಾ ಹೃದಯಕ್ಕೆ ಇಳಿದಿವೆ. ಐವತ್ತೊಂದು ವರ್ಷ ಸಂಸಾರ ಮಾಡಿದರೂ ಅಷ್ಟು ಆಳಕ್ಕೆ ಒಂದು ತಂತಿಯನ್ನೂ ಇಳಿಸಲು ನನ್ನಿಂದ ಆಗಿರಲಿಲ್ಲ. ಅವಳು ಒಂದೇ ಮಧ್ಯಾಹ್ನದಲ್ಲಿ ಮೂರು ಇಳಿಸಿ, ಏಳು ಹೊಲಿಗೆ ಹಾಕಿಸಿಕೊಂಡು, ಮನೆಯವಳೇ ಆಗಿಬಿಟ್ಟಳು.

ನಮ್ಮವರ ರೋಗಕ್ಕೆ ಬೆಳಗಾವಿಯ ಡಾಕ್ಟರು ಹೇಳಿದ ಹೆಸರು ಹಾರ್ಟ್ ಫೇಲ್ಯೂರ್. ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಕಲಿತ ನನಗೆ ಫೇಲ್ಯೂರ್ ಎಂಬುದಕ್ಕಿಂತ ಅವಮಾನದ ಶಬ್ದ ಇನ್ನೊಂದಿಲ್ಲ. ಪ್ರೋಗ್ರೆಸ್ ರಿಪೋರ್ಟಿನಲ್ಲಿ ಅದು ಕೆಂಪು ಶಾಯಿಯಲ್ಲಿ ಬರುತ್ತಿತ್ತು, ಕೆಳಗೆ ಅಪ್ಪನ ಸಹಿ ಬೇಕಾಗುತ್ತಿತ್ತು. ಹೃದಯ ಫೇಲಾಗಿದೆ ಎಂದ ಕೂಡಲೇ ನಿಂತೇ ಹೋಯಿತೆಂದು ತಿಳಿದು ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದು ಕುಳಿತೆ. ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು. ಹೃದಯ ನಿಂತಿಲ್ಲ, ದಣಿದಿದೆ. ಹಿಂಡುವ ಬಲ ಕಡಿಮೆಯಾಗಿದೆ, ಅದಕ್ಕೇ ನೀರು ಮೈಯಲ್ಲಿ ಉಳಿದುಕೊಂಡು ಕಾಲಿಗೂ ಶ್ವಾಸಕೋಶಕ್ಕೂ ಇಳಿಯುತ್ತದೆ. ಇಷ್ಟೇ ಆಗಿದ್ದರೆ ಅದನ್ನು ಫೇಲ್ ಎಂದು ಯಾಕೆ ಕರೆಯಬೇಕು? 'ಕ್ಯಾನ್ ಡೂ ಬೆಟರ್' ಎಂದರೆ ಸಾಕಲ್ಲ. ನಮ್ಮ ಸಿಸ್ಟರ್ ಬೆನಡಿಕ್ಟಾ ನನ್ನ ಗಣಿತದ ಮುಂದೆ ಹಾಗೆಯೇ ಬರೆಯುತ್ತಿದ್ದರು, ನಾನು ಇನ್ನೂ ಬದುಕಿದ್ದೇನೆ.

ಇವರ ಹೃದಯದ ಎರಡು ಕೆಳಗಿನ ಕೋಣೆಗಳು ಒಂದಕ್ಕೊಂದು ತಾಳ ತಪ್ಪಿ ಬಡಿಯುತ್ತಿದ್ದವಂತೆ. ನನ್ನ ಸವತಿ, ಅಂದರೆ ಪೇಸ್‌ಮೇಕರ್ ಜಾತಿಯ ಆ ಯಂತ್ರ, ಎರಡನ್ನೂ ಜೊತೆಗೂಡಿಸಿ ಬಡಿಸುತ್ತಾಳೆ. ಎದೆ ದಿಕ್ಕುತಪ್ಪಿ ಓಡತೊಡಗಿದರೆ ಒಳಗಿನಿಂದಲೇ ಒಂದು ಏಟು ಕೊಟ್ಟು ಹಾದಿಗೆ ತರುತ್ತಾಳೆ. ಇಷ್ಟನ್ನು ನಾನು ಸಹಿಸಿಕೊಂಡೇನು. ಮನೆಗೆ ಬಂದವಳು ಕೆಲಸ ಮಾಡಲಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ಅವಳು ಚಾಡಿ ಹೇಳುತ್ತಾಳೆ. ಇವರು ದಿನಕ್ಕೆ ಎಷ್ಟು ಹೊತ್ತು ಅಡ್ಡಾಡಿದರು, ಎದೆ ಎಷ್ಟು ಜೋರಾಗಿ ಬಡಿಯಿತು, ಎದೆಗೂಡಿನಲ್ಲಿ ನೀರು ಎಷ್ಟು ಸೇರಿತು, ಎಲ್ಲವನ್ನೂ ಗುರುತು ಹಾಕಿಟ್ಟುಕೊಳ್ಳುತ್ತಾಳೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ಅವಳ ಗೆಳತಿ ಒಂದು ಬಿಳಿಯ ಪೆಟ್ಟಿಗೆ ಕುಳಿತಿದೆ. ಮೊದಲು ಆ ಜಾಗ ನನ್ನ ಕನ್ನಡಕದ್ದು. ಇವಳು ಹೇಳಿದ್ದನ್ನು ಅದು ಕೇಳಿಸಿಕೊಂಡು ಬೆಳಗಾವಿಯ ಆಸ್ಪತ್ರೆಗೆ ತಲುಪಿಸುತ್ತದೆ. ಅಲ್ಲಿ ಅದನ್ನೆಲ್ಲ ಓದುವವಳು ಶ್ವೇತಾ ಎಂಬ ನರ್ಸು. ಹೆಚ್ಚೆಂದರೆ ಇಪ್ಪತ್ತಾರು ವರ್ಷ. ನಗುನಗುತ್ತ ಮಾತಾಡುವ ದನಿ.

ಒಂದು ಸೋಮವಾರ ಅವಳ ಫೋನು ಬಂತು.

"ಅಮ್ಮಾರ, ಅಜ್ಜಾರು ನಿನ್ನಿ ಭಾಳ ಅಡ್ಡಾಡ್ಯಾರ ನೋಡ್ರಿ. ಭಾಳ ಚುಲೋ ಆತು. ಎಲ್ಲಿಗರ ಹೋಗಿದ್ರೇನ್ರಿ?"

ಹಿಂದಿನ ದಿನ ಹೂಲಿಯ ಬೀಗರ ಮನೆಗೆ ಹೋಗಿದ್ದೆವು. ನಾನು ಬೀಗಿತ್ತಿಯ ಜೊತೆ ಒಳಗೆ ಹರಟುತ್ತಿದ್ದಾಗ ಇವರು ಮೆಲ್ಲಗೆ ಎದ್ದು ಅಲ್ಲಿಯ ಹಳೆಯ ಗುಡಿಗಳನ್ನೆಲ್ಲ ಸುತ್ತಿ ಬಂದಿದ್ದರು. ನನಗೆ ಹೇಳಿದ್ದು ಮಾತ್ರ "ಕಟ್ಟಿ ಮ್ಯಾಲ ಕುಂತಿದ್ದೆ" ಎಂದು. ನೋಡಿ, ಎಂಬತ್ತು ಕಿಲೋಮೀಟರ್ ಆಚೆ ಇರುವ ಹುಡುಗಿಗೆ ಗೊತ್ತು, ಗೋಡೆಯ ಈಚೆ ಕುಳಿತಿದ್ದ ಹೆಂಡತಿಗೆ ಗೊತ್ತಿಲ್ಲ. ಫೋನಿನಲ್ಲಿ "ಹೌದವಾ" ಎಂದೆ, ಬಹಳ ಪೊಲೈಟಾಗಿ. ಆಮೇಲೆ ಆ ದಿನದ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತೆ. ಖರೆ ಹೇಳಬೇಕೆಂದರೆ ಮರೆತಿರಲಿಲ್ಲ.

ಈ ಅಸೂಯೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಪ್ರೀತಿ, ದುಃಖ, ಧೈರ್ಯ, ಭಯ ಎಲ್ಲಕ್ಕೂ ನಮ್ಮ ಜನ ಎದೆಯಲ್ಲೇ ಜಾಗ ಕೊಟ್ಟಿದ್ದಾರೆ. ಅಸೂಯೆಯೊಂದನ್ನೇ ಅಲ್ಲಿಂದ ಹೊರಗೆ ಹಾಕಿ ಹೊಟ್ಟೆಗೆ ಇಳಿಸಿ, ಮೇಲೆ ಕಿಚ್ಚು ಹೊತ್ತಿಸಿದ್ದಾರೆ. ಯಾವ ಅಜ್ಜಿ ಈ ವ್ಯವಸ್ಥೆ ಮಾಡಿದಳೋ, ಅವಳಿಗೆ ಶರೀರಶಾಸ್ತ್ರ ಚೆನ್ನಾಗಿ ಗೊತ್ತಿತ್ತು. ಹೊಟ್ಟೆಯಲ್ಲಿ ಇರುವುದು ಇಸಿಜಿಯಲ್ಲಿ ಕಾಣಿಸುವುದಿಲ್ಲ. ನನಗೂ ಇವರ ಜೊತೆಗೆ ಒಮ್ಮೆ ಇಸಿಜಿ ತೆಗೆದಿದ್ದರು. ನಾರ್ಮಲ್ ಎಂದು ಬರೆದುಕೊಟ್ಟರು. ಆಗ ನನ್ನೊಳಗೆ ಕಬ್ಬಿನ ಒಣ ಗರಿಯ ರವದಿಗೆ ಬೆಂಕಿ ಹಚ್ಚಿದಂತಿತ್ತು.

ಇನ್ನೂ ಒಂದು ಸಣ್ಣತನ ಒಪ್ಪಿಕೊಂಡುಬಿಡುತ್ತೇನೆ. ನನಗೆ ಬರೀ ಯಂತ್ರದ ಮೇಲಲ್ಲ, ಇವರ ಮೇಲೂ ಹೊಟ್ಟೆಕಿಚ್ಚು. ಮನೆಗೆ ಬಂದವರೆಲ್ಲ ಮೊದಲು ಇವರ ಎದೆಯನ್ನು ವಿಚಾರಿಸುತ್ತಾರೆ. ಸೊಸೆ ಗೀತಾ, ಯಂತ್ರಕ್ಕೆ ತಾಗಬಾರದೆಂದು, ಇವರ ಮೊಬೈಲನ್ನು ಎಡಗಡೆಯ ಕಿಸೆಯಿಂದ ಬಲಗಡೆಗೆ ವರ್ಗಾಯಿಸುತ್ತಾಳೆ. ಹನ್ನೆರಡು ವರ್ಷದಿಂದ ನನ್ನ ಮೊಣಕಾಲು ಕಿರುಗುಟ್ಟುತ್ತಿವೆ. ಅವು ಹೇಗಿವೆ ಎಂದು ಕೇಳಲು ಬೆಳಗಾವಿಯಿಂದ ಯಾರೂ ಫೋನು ಮಾಡಿದ್ದಿಲ್ಲ.

ಹೀಗಿರುವಾಗ ನನ್ನ ಪಾಲಿಗೆ ಉಳಿದದ್ದು ಒಂದೇ ಕ್ಷೇತ್ರ. ಯಂತ್ರ ಕೂಡಿಸಿದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ ಎಂದು ಡಾಕ್ಟರು ಡಿಸ್ಚಾರ್ಜ್ ದಿನವೇ ಹೇಳಿದ್ದರು. ಗುಳಿಗೆ ತಪ್ಪಬಾರದು. ನೀರು ಅಳತೆಯಲ್ಲಿ ಕುಡಿಯಬೇಕು. ಉಪ್ಪು ಕಡಿಮೆ. ಮತ್ತೆ ದಿನಾಲೂ ಮುಂಜಾನೆ ಬಚ್ಚಲಕ್ಕೆ ಹೋಗಿ ಬಂದ ಮೇಲೆ, ಚಹಾ ಕುಡಿಯುವ ಮೊದಲು, ಅದೇ ಧೋತರ ಅದೇ ಬನಿಯನ್ನಿನಲ್ಲಿ ತೂಕ ನೋಡಬೇಕು. ಒಂದು ದಿನದಲ್ಲಿ ಒಂದು ಕಿಲೋ, ಇಲ್ಲವೇ ಒಂದು ವಾರದಲ್ಲಿ ಎರಡು ಕಿಲೋ ಏರಿತೋ, ಅದು ಊಟ ಮೈಗೆ ಹತ್ತಿದ್ದಲ್ಲ, ಮೈಯಲ್ಲಿ ನೀರು ನಿಂತದ್ದು. ಕೂಡಲೇ ಫೋನು ಮಾಡಬೇಕು.

ಈ ಮಾತು ನನಗೆ ವರವಾಯಿತು. ಉಪ್ಪುಖಾರದ ಕರಿಂಡಿಯ ಭರಣಿ, ಉಪ್ಪಿನಕಾಯಿ, ಹಪ್ಪಳದ ಡಬ್ಬಿ ಎಲ್ಲವನ್ನೂ ಗೀತಾಳ ಕಪಾಟಿಗೆ ಸಾಗಿಸಿ ಕೀಲಿ ಹಾಕಿಸಿದೆ. ಇನ್ನೂರು ಪುಟದ ನೋಟ್‌ಬುಕ್ ತರಿಸಿ ಕಾನ್ವೆಂಟಿನ ಕರ್ಸಿವ್ ಅಕ್ಷರದಲ್ಲಿ ಮೇಲೆ 'ವೇಟ್ ಚಾರ್ಟ್' ಎಂದು ಬರೆದೆ. ಯಂತ್ರಕ್ಕೆ ಏನೇನು ಗೊತ್ತಿದ್ದರೂ ಇವರ ತೂಕ ಗೊತ್ತಿಲ್ಲವಲ್ಲ! ಅದು ನನಗೆ ಮಾತ್ರ ಗೊತ್ತು.

ಇಲ್ಲಿ ನಮ್ಮವರ ನೌಕರಿಯ ವಿಷಯ ಹೇಳಬೇಕು. ಮೂವತ್ತು ವರ್ಷ ಅವರು ಕಿತ್ತೂರಿನ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಕ್ಲಾರ್ಕ್ ಆಗಿದ್ದರು. ತುಂಬಿದ ಲಾರಿಯನ್ನು ಒಮ್ಮೆ, ಖಾಲಿಯಾದ ಮೇಲೆ ಇನ್ನೊಮ್ಮೆ ತೂಗುತ್ತಾರೆ. ಎರಡರ ನಡುವಿನ ಅಂತರವೇ ಕಬ್ಬು. ಖಾಲಿ ಲಾರಿ ಹಗುರಾದಷ್ಟೂ ಕಬ್ಬು ಹೆಚ್ಚು ಕಾಣುತ್ತದೆ. ಅದಕ್ಕೆ ಕೆಲವು ಚಾಲಾಕಿ ಡ್ರೈವರುಗಳು ಖಾಲಿ ಗಾಡಿಯ ಹಿಂದಿನ ಗಾಲಿಯನ್ನು ಕಾಟಾದ ಹಲಗೆಯಿಂದ ಒಂದಿಷ್ಟು ಹೊರಗೆ ನೆಲದ ಮೇಲೆ ನಿಲ್ಲಿಸುತ್ತಿದ್ದರಂತೆ. ನೆಲ ಹೊತ್ತ ಭಾರ ಕಾಟಾಕ್ಕೆ ಬರುವುದಿಲ್ಲ. ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿ "ಏ, ಗಾಲಿ ಒಳಗ ತಗೋ!" ಎಂದು ಒದರುತ್ತಿದ್ದರು. ನಮ್ಮ ಮನೆಗೆ ಬಂದ ಯಾವ ಅತಿಥಿಯೂ ಈ ಕತೆ ಕೇಳದೆ ಚಹಾ ಮುಗಿಸಿದ್ದಿಲ್ಲ.

ಅಂಥ ಮನುಷ್ಯನನ್ನು ದಿನಾಲೂ ನಾನು ತೂಗಬೇಕು. ಬಚ್ಚಲದ ಬಾಗಿಲ ಬದಿಯಲ್ಲಿ, ಗೋಡೆಯ ಗೂಡಿನ ಕೆಳಗೆ, ಮುಳ್ಳಿನ ತೂಕದ ಮಷೀನು ಇಟ್ಟಿದ್ದೆ. ನನ್ನ ಮೊಣಕಾಲಿನ ದೆಸೆಯಿಂದ ಬಗ್ಗುವುದಾಗದು. ಸ್ಟೂಲಿನ ಮೇಲೆ ಕುಳಿತು, ಕನ್ನಡಕ ಏರಿಸಿ, ಮುಳ್ಳನ್ನೇ ನೋಡುತ್ತಿದ್ದೆ. ಮುಳ್ಳು ನಿಂತಲ್ಲಿಂದ ಕಣ್ಣು ಸೀದಾ ನೋಟ್‌ಬುಕ್ಕಿಗೆ.

ಮೊದಲ ತಿಂಗಳಲ್ಲಿ ಯರಗಟ್ಟಿಯ ಒಂದು ಲಗ್ನಕ್ಕೆ ಹೋಗಿ ಬಂದ ಮರುದಿನ ಮುಳ್ಳು ಒಂದೂಕಾಲು ಕಿಲೋ ಏರಿತು. ಫೋನು, ಹೆಚ್ಚಿನ ಗುಳಿಗೆ, ಓಡಾಟ ಎಲ್ಲ ಆಯಿತು. ನೀರು ಇಳಿಯಿತು. ಆದರೆ ನನ್ನ ಗಂಟಲಲ್ಲಿ ಎರಡು ದಿನ ತುತ್ತು ಇಳಿಯಲಿಲ್ಲ. ಅದಾದ ಮೇಲೆ ಮುಳ್ಳು ಎಷ್ಟು ಶಿಸ್ತಿನಲ್ಲಿ ನಡೆದುಕೊಂಡಿತು ಎನ್ನುತ್ತೀರಿ! ಅರವತ್ತೆಂಟು. ಮರುದಿನ ಅರವತ್ತೆಂಟು. ಒಂದು ದಿನ ಅರವತ್ತೆಂಟಕ್ಕೆ ಕೂದಲೆಳೆ ಕಡಿಮೆ. ಮೂರು ವಾರ ಹೀಗೆಯೇ. ಬಂದವರಿಗೆಲ್ಲ ನೋಟ್‌ಬುಕ್ ತೋರಿಸಿ 'ಪರ್ಫೆಕ್ಟ್ಲಿ ಸ್ಟೆಡಿ' ಎನ್ನುತ್ತಿದ್ದೆ. ಇವರು ಪೇಪರಿನ ಹಿಂದೆ ಮುಖ ಮರೆಮಾಡಿಕೊಳ್ಳುತ್ತಿದ್ದರು. ನಾಚಿಕೆ ಎಂದುಕೊಂಡೆ.

ಆಗ ಶ್ವೇತಾಳ ಫೋನು ಬಂತು.

"ಅಮ್ಮಾರ, ಅಜ್ಜಾರ ಎದಿಯೊಳಗ ನೀರ ಸೇರಾಕ ಹತ್ತೈತಿ ಅಂತ ಮಷೀನ ತೋರ್ಸಾಕ ಹತ್ತೈತ್ರಿ. ಅಡ್ಡಾಡೂದೂ ಕಡಿಮಿ ಆಗೇತಿ. ತೂಕ ಎಷ್ಟೈತ್ರಿ?"

"ಅರವತ್ತೆಂಟು. ಮೂರ ವಾರದಿಂದ ಅರವತ್ತೆಂಟ."

"ಕಾಲ ಬಾತಾವೇನ್ರಿ? ಉಸರ ಹತ್ತತೈತೇನ್ರಿ?"

"ಏನೂ ಇಲ್ಲ. ನಿಮ್ಮ ಮಷೀನನ ಒಮ್ಮೆ ಚೆಕ್ ಮಾಡಸ್ರಿ."

"ಇವತ್ತರ ನಾಳೆರ ಕರಕೊಂಡು ಬಂದಬಿಡ್ರಿ ಅಮ್ಮಾರ. ಡಾಕ್ಟರೂ ಅದನ್ನ ಹೇಳ್ಯಾರ."

ನೋಡೋಣ ಎಂದು ಫೋನು ಇಟ್ಟೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ಕಾಲು ಬಾತಿವೆಯೇ ಎಂದು ನಾನು ನೋಡಿರಲೇ ಇಲ್ಲ. ನೋಟ್‌ಬುಕ್ ಇರುವಾಗ ಕಾಲು ಯಾಕೆ ನೋಡಬೇಕು? ಆ ಕ್ಷಣ ನನ್ನ ತಲೆಯಲ್ಲಿ ಇದ್ದದ್ದು ಇವರ ಎದೆಯಲ್ಲ. ನಾನು ಬರೆದದ್ದು ಸರಿಯೋ ಅವಳು ಹೇಳಿದ್ದು ಸರಿಯೋ, ಅಷ್ಟೇ. ಅವಳು ಸೋಲಬೇಕಾಗಿತ್ತು. ಆ ದಿನ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಶ್ವೇತಾ ಎರಡು ಸಲ ಫೋನು ಮಾಡಿದಳು. ಗೀತಾಗೆ "ಅತ್ತಿ ಪೂಜಾಕ್ಕ ಕುಂತಾರ ಅಂತ ಹೇಳವಾ" ಎಂದೆ. ಸಂಜೆ ನಾಲ್ಕು ಗಂಟೆಗೆ ಯಾವ ಪೂಜೆಯೋ!

ಮೂರನೆಯ ದಿನ ಮುಂಜಾನೆ ಎದ್ದಾಗ ಇವರು ಹಾಸಿಗೆಯಲ್ಲಿ ಇರಲಿಲ್ಲ. ಪಡಸಾಲೆಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತು, ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ಮಲಗಿದರೆ ಮುಳುಗಿದಂತೆ ಆಗುತ್ತದೆ ಎಂದರು. ಆಗ ನಾನು ಕಾಲು ನೋಡಿದೆ. ಬೆರಳು ಒತ್ತಿದಲ್ಲಿ ಕುಳಿ ಬಿತ್ತು. ಅದು ತುಂಬಿಕೊಳ್ಳುವುದನ್ನು ನೋಡುತ್ತ ಕುಳಿತೆ. ತುಂಬಿಕೊಳ್ಳಲಿಲ್ಲ.

ಬೆಳಗಾವಿಯವರೆಗೂ ಕಾರಿನಲ್ಲಿ ನಾನು ಮಾಡಿದ್ದು ಎರಡೇ ಕೆಲಸ. ಒಂದು ಕೈಯಲ್ಲಿ ಇವರ ಬೆನ್ನು ನೀವುತ್ತಿದ್ದೆ. ಇನ್ನೊಂದು ಕೈಯಲ್ಲಿ ನೋಟ್‌ಬುಕ್ ಹಿಡಿದಿದ್ದೆ. ಅಷ್ಟಾದರೂ ಬಿಟ್ಟಿರಲಿಲ್ಲ ನೋಡಿ.

ಆಸ್ಪತ್ರೆಯಲ್ಲಿ ಶ್ವೇತಾ ಬಾಗಿಲಲ್ಲೇ ಸಿಕ್ಕಳು. ಇಂಜೆಕ್ಷನ್ನಿಗೆ ಮೊದಲು ಒಮ್ಮೆ ತೂಕ ಬೇಕೆಂದು, ಇಬ್ಬರು ಹಿಡಿದು ಇವರನ್ನು ಖೋಲಿಯ ನಟ್ಟನಡುವೆ ಇದ್ದ ಮಷೀನಿನ ಮೇಲೆ ನಿಲ್ಲಿಸಿ ಒಂದು ಕ್ಷಣ ಕೈಬಿಟ್ಟರು. ಎಪ್ಪತ್ತೊಂದೂವರೆ.

"ಇದು ತಪ್ಪೈತಿ" ಎಂದೆ ನಾನು. ನೋಟ್‌ಬುಕ್ ತೆರೆದು ಮುಂದೆ ಹಿಡಿದೆ. ಹುಡುಗಿ ಸಿಟ್ಟಾಗಲಿಲ್ಲ.

"ಆಮ್ಯಾಲ ನೀವ ಒಮ್ಮೆ ನಿಂದರ್ರಿ ಅಮ್ಮಾರ. ನಿಮ್ಮ ತೂಕ ಮನ್ಯಾಗ ಎಷ್ಟೈತಿ?"

"ಐವತ್ತೊಂಬತ್ತು."

ಇವರಿಗೆ ಇಂಜೆಕ್ಷನ್ ಕೊಟ್ಟು, ಮೂಗಿಗೆ ಆಕ್ಸಿಜನ್ ಹಚ್ಚಿ ಮಲಗಿಸಿದ ಮೇಲೆ ನಾನು ನಿಂತೆ. ಐವತ್ತೊಂಬತ್ತು, ಕರೆಕ್ಟಾಗಿ. ಅಂದರೆ ಅವರ ಮಷೀನೂ ಸರಿ, ನಮ್ಮ ಮಷೀನೂ ಸರಿ. ನಾನೂ ಶ್ವೇತಾಳೂ ಒಟ್ಟಿಗೇ ಮಂಚದ ಕಡೆ ತಿರುಗಿದೆವು. ಮಂಚದ ಮೇಲಿನವರು ಮೇಲಿನ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ನನಗೆ ಆಗ ಹೊಳೆಯಿತು. ಗೋಡೆಯ ಗೂಡು! ದಿನಾಲೂ ಅವರ ಬಲಗೈ "ಆಧಾರಕ್ಕ" ಎಂದು ಆ ಗೂಡಿನೊಳಗೆ ಇರುತ್ತಿತ್ತು. ನಾನು ಮುಳ್ಳು ಬಿಟ್ಟು ಮೇಲೆ ನೋಡಿದ್ದರಲ್ಲವೇ ಅದು ಒತ್ತುವುದು ಕಾಣುವುದು? ಮೂವತ್ತು ವರ್ಷ ಊರ ಗಾಡಿಗಳ ಗಾಲಿಯನ್ನು ಒಳಗೆ ತಳ್ಳಿಸಿದ ಮನುಷ್ಯ ತನ್ನದೊಂದು ಗಾಲಿಯನ್ನು ಹೊರಗೆ ನಿಲ್ಲಿಸಿದ್ದ.

ಎರಡು ದಿನಕ್ಕೆ ನೀರು ಇಳಿದು, ಉಸಿರು ಸರಾಗವಾಗಿ, ಇಡ್ಲಿಗೆ ಉಪ್ಪಿಲ್ಲವೆಂದು ತಕರಾರು ಮಾಡುವಷ್ಟು ಚೇತರಿಸಿಕೊಂಡ ಮೇಲೆ ಕೇಳಿದೆ.

"ಯಾಕ ಹಂಗ ಮಾಡಿದ್ರಿ?"

"ನಿನ್ನ ಮಾರಿ ನೋಡಾಕ ಆಗವಲ್ದಾಗಿತ್ತು."

"ನನ್ನ ಮಾರಿಗೇನ ಧಾಡಿ?"

"ಮುಳ್ಳ ಏರಿದ್ರ ನಿನ್ನ ಮಾರಿ ಇಳೀತೈತಿ. ಯರಗಟ್ಟಿ ಲಗ್ನ ಆದಮ್ಯಾಲ ಎರಡ ದಿನ ಉಣ್ಣಲಿಲ್ಲ ನೀ. ನನಗ ಕಾಣೂದಿಲ್ಲೇನು? ಮತ್ತೊಮ್ಮೆ ಏರಿದ ದಿನ ಅರ್ಧಾ ಕಿಲೋ ಅಷ್ಟ ಕೈಮ್ಯಾಲ ಹಾಕಿದೆ. ಮರುದಿನ ಕೈ ತಗದ್ರ ಒಮ್ಮೆಲೇ ಏರೂದು ಕಾಣತೈತಿ. ಅದಕ್ಕ ದಿನಾ ಒಂದೀಟ ಜಾಸ್ತಿ ಒತ್ತಗೊಂತ ಬಂದೆ."

"ಡ್ರೈವರಗೋಳ್ನ ಹಿಡೀತಿದ್ದವರು ನೀವು!"

"ಅವರ ಕಡಿಂದನ ಕಲ್ತೇನಲ್ಲ, ಮೇಡಂ."

ನನ್ನನ್ನು ಚುಡಾಯಿಸಬೇಕಾದಾಗ ಅವರು ಮೇಡಂ ಎನ್ನುತ್ತಾರೆ, ಕಾನ್ವೆಂಟಿನವಳೆಂದು. ಬೈಯಬೇಕೆಂದಿದ್ದವಳು ಎದ್ದು ಹೊರಗೆ ಕಾರಿಡಾರಿಗೆ ಹೋಗಿ ನಿಂತೆ. ಶ್ವೇತಾ ಅಲ್ಲೇ ಇದ್ದಳು. ಎರಡು ದಿನ ತಡಮಾಡಿದವಳು ನಾನೇ, ಪೂಜೆಯೂ ಇರಲಿಲ್ಲ ಗೀಜೆಯೂ ಇರಲಿಲ್ಲ, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಹಾಗೆ ಮಾಡಿದೆ ಎಂದು ಹೇಳಿಬಿಟ್ಟೆ. ಚಿಕ್ಕಂದಿನಲ್ಲಿ ಸಿಸ್ಟರುಗಳ ಮುಂದೆಯೂ ನಾನು ಇಷ್ಟು ಸೀದಾ ತಪ್ಪು ಒಪ್ಪಿಕೊಂಡಿದ್ದಿಲ್ಲ.

ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡು ನಕ್ಕಳು. "ನನ್ನ ಮ್ಯಾಲೇನ್ರಿ ಅಮ್ಮಾರ!" ಎಂದಳು. ಆಮೇಲೆ ನನ್ನ ನೋಟ್‌ಬುಕ್ ತೆಗೆದುಕೊಂಡು ಪುಟ ತಿರುವಿದಳು. "ಮಷೀನಿಗೆ ಒಂದಿಷ್ಟ ಗೊತ್ತಾಗತೈತ್ರಿ, ಎಲ್ಲಾ ಗೊತ್ತಾಗೂದಿಲ್ಲ. ಕೆಲವೊಮ್ಮೆ ಸುಳ್ಳ ಸುದ್ದೀನೂ ಹೇಳತೈತಿ. ನಮಗ ತೂಕಾನೂ ಬೇಕು, ಕಾಲ ನೋಡಿದ್ದೂ ಬೇಕು, ಉಸರ ಹೆಂಗೈತಿ ಅನ್ನೂದೂ ಬೇಕು. ಬರೀದ ಬಿಟ್ಟಗಿಟ್ಟೀರಿ ಮತ್ತ."

ಊರಿಗೆ ಬರುವ ದಾರಿಯುದ್ದಕ್ಕೂ ನಾನು ಒಂದೇ ಮಾತು ಯೋಚಿಸುತ್ತಿದ್ದೆ. ಬಚ್ಚಲದ ಬಾಗಿಲಲ್ಲಿ ದಿನಾಲೂ ನಾವಿಬ್ಬರೂ ತೂಗುತ್ತಿದ್ದೆವು. ನಾನು ಸ್ಟೂಲಿನ ಮೇಲೆ ಕುಳಿತು ಮುಳ್ಳು ಓದುತ್ತಿದ್ದಾಗ, ನನ್ನ ತಲೆಯ ಮೇಲಿನಿಂದ ಅವರು ನನ್ನ ಮುಖ ಓದುತ್ತಿದ್ದರು. ನಾನು ಉಂಡೆನೋ ಇಲ್ಲವೋ ಎಂಬುದನ್ನೂ ಯಾರೋ ಗುರುತು ಹಾಕಿಟ್ಟುಕೊಂಡಿದ್ದರು. ನನ್ನನ್ನು ಯಾರೂ ವಿಚಾರಿಸುವುದಿಲ್ಲ ಎಂದು ನಾನು ಕೊರಗುತ್ತಿದ್ದ ದಿನಗಳಲ್ಲೇ ಇದು ನಡೆದಿತ್ತು. ಆ ಲೆಕ್ಕದಲ್ಲಿ ನೋಡಿದರೆ ತಪ್ಪು ಅವರದು ಅರ್ಧ, ನನ್ನ ಮುಖದ್ದು ಅರ್ಧ. ನನ್ನ ಭಯವನ್ನು ನಾನು ಅವರಿಗೆ ದಿನಾಲೂ ಚಹಾಕ್ಕಿಂತ ಮೊದಲು ಕುಡಿಸುತ್ತಿದ್ದೆ, ಅಳತೆಯಿಲ್ಲದೆ.

ಈಗ ತೂಕದ ಮಷೀನು ಪಡಸಾಲೆಯ ನಟ್ಟನಡುವೆ ಇದೆ, ಕೈಗೆಟುಕುವಲ್ಲಿ ಗೋಡೆಯಿಲ್ಲ, ಕಂಬವಿಲ್ಲ. ನಮ್ಮವರು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ಪೊಲೀಸರಿಗೆ ಸಿಕ್ಕ ಕಳ್ಳನಂತೆ ನಿಲ್ಲುತ್ತಾರೆ. ನಾನು ಪರೀಕ್ಷೆಯ ಹಾಲಿನ ಸೂಪರ್‌ವೈಸರಳ ಮುಖ ಮಾಡಿಕೊಳ್ಳುತ್ತೇನೆ. ಇದಕ್ಕೆ ಕನ್ನಡಿಯ ಮುಂದೆ ನಾಲ್ಕು ದಿನ ಪ್ರ್ಯಾಕ್ಟೀಸ್ ಮಾಡಿದ್ದೇನೆ. ಆಮೇಲೆ ಕಾಲು ಒತ್ತಿ ನೋಡುತ್ತೇನೆ. ರಾತ್ರಿ ಉಸಿರು ಹತ್ತದಂತೆ ಮಲಗಲು ಎಷ್ಟು ದಿಂಬು ಬೇಕಾದವು ಎಂದು ಕೇಳುತ್ತೇನೆ.

ಹೋದ ವಾರ ಮುಳ್ಳು ಒಂದೇ ದಿನಕ್ಕೆ ಒಂದು ಕಿಲೋ ಮೇಲೆ ನಿಂತಿತು. ಹೆದರಿದ್ದನ್ನು ಮುಖದಲ್ಲಿ ಬರಗೊಡಲಿಲ್ಲ. "ಏರೈತಿ. ಗುಳಿಗಿ ಕೇಳತೇನಿ" ಎಂದಷ್ಟೇ ಹೇಳಿ, ಬರೆದಿಟ್ಟು, ಫೋನು ಹಚ್ಚಿದೆ. ಶ್ವೇತಾ ತನ್ನ ಕಂಪ್ಯೂಟರ್ ನೋಡಿ, "ಅಮ್ಮಾರ, ಇಲ್ಲಿ ಇನ್ನೂ ಏನೂ ಬಂದಿಲ್ರಿ. ಗೆರಿ ಸಪಾಟ ಐತಿ" ಎಂದಳು.

"ಬರತೈತಿ. ದಾರಿ ನೋಡು" ಎಂದೆ.

ಅವಳು ದಾರಿ ನೋಡಲಿಲ್ಲ, ಡಾಕ್ಟರನ್ನು ಕೇಳಿ ಎರಡು ದಿನ ಅರ್ಧ ಗುಳಿಗೆ ಹೆಚ್ಚಿಗೆ ಹೇಳಿದಳು. ಮರುದಿನ ಆ ಗೆರೆ ಒಂದು ಚೂರು ತಲೆ ಎತ್ತಿತಂತೆ. ಅಷ್ಟೊತ್ತಿಗೆ ನಮ್ಮ ಮುಳ್ಳು ಇಳಿಯತೊಡಗಿತ್ತು. "ನಿಮ್ಮದ ಮೊದಲ ಆತು ನೋಡ್ರಿ" ಎಂದು ಅವಳೇ ಫೋನು ಮಾಡಿ ಹೇಳಿದಳು. ಆ ಸಂತೋಷಕ್ಕೆ ನಾವು ಅರ್ಧ ತಾಸು ಮಾತಾಡಿದೆವು, ಅವಳ ಲಗ್ನದ ವಿಷಯ, ನನ್ನ ಮೊಣಕಾಲಿನ ವಿಷಯ, ರಾಮದುರ್ಗದಲ್ಲಿರುವ ಅವಳ ಅವ್ವನ ಬೆನ್ನುನೋವಿನ ವಿಷಯ. ಈಗ ವಾರಕ್ಕೆರಡು ಸಲ ಇದು ನಡೆಯುತ್ತದೆ.

ನಿನ್ನೆ ಫೋನು ಇಟ್ಟು ತಿರುಗಿದರೆ ನಮ್ಮವರು ಮುಖ ಊದಿಸಿಕೊಂಡು ಕುಳಿತಿದ್ದರು. ಕಾಲಲ್ಲ, ಮುಖ. ನೋಡಿದ ಕೂಡಲೇ ಗುರುತು ಹಿಡಿದೆ, ನನಗೆ ಬಹಳ ಪರಿಚಯದ ರೋಗ.

"ಎದಿ ನಂದು, ಮಷೀನ ನಂದು, ಮಾತ ಮಾತ್ರ ನಿಮ್ಮಿಬ್ಬರದ. ನನ್ನ ಯಾರೂ ಕೇಳವಲ್ರಲ್ಲ" ಎಂದರು.

ಡಾಕ್ಟರು ಇವರಿಗೆ ಉಪ್ಪು ಅಳೆದು ಕೊಡಲು ಹೇಳಿದ್ದಾರೆ, ನೀರು ಅಳೆದು ಕೊಡಲು ಹೇಳಿದ್ದಾರೆ, ಹೊಟ್ಟೆಕಿಚ್ಚಿಗೆ ಯಾವ ಪಥ್ಯವನ್ನೂ ಬರೆದುಕೊಟ್ಟಿಲ್ಲ. ಅದಕ್ಕೇ ಅದನ್ನು ದಿನಕ್ಕಿಷ್ಟು ಬಡಿಸುತ್ತೇನೆ.